ಅಡಿಕೆ ಸುಗ್ಗಿಗೆ ತಂಡ ಕಟ್ಟುವ ಕ್ರಮ: ಭೂಮಿ ಹುಣ್ಣಿಮೆಯಿಂದ ಲೆಕ್ಕ ಚುಕ್ತಾ ಆಗುವವರೆಗೆ

ಮರ ಹತ್ತಿ ಅಡಿಕೆ ಗೊನೆ (ನಮ್ಮ ಕಡೆ 'ಕೊನೆ') ಕೊಯ್ಯುವ ಕೊನೆಗಾರ ಸಿಕ್ಕ ದಿನ ಸುಲಿಯುವವರಿಲ್ಲ, ಸುಲಿಯುವವರು ಬಂದ ದಿನ ಬೇಯಿಸುವವರಿಗೆ ಜ್ವರ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಒಂದೆರಡು ಎಕರೆ ತೋಟ ಇರುವವರ ಸುಗ್ಗಿ ಬಹುಪಾಲು ಹೀಗೇ ಸಾಗುತ್ತದೆ. ಇದಕ್ಕಾಗಿ ನಾಲ್ಕೈದು ಮನೆಯವರು ಕೂಡಿ ಒಂದೇ ತಂಡ ಇಟ್ಟುಕೊಳ್ಳುತ್ತಾರೆ. ಇಲ್ಲವೇ ಕೆಲಸಗಾರರೇ ಗುಂಪಾಗಿ ತೋಟದಿಂದ ತೋಟಕ್ಕೆ ಹೋಗುತ್ತಾರೆ. ಗುಂಪು ಸೇರಿಸುವುದು ಅಂಥ ಕಷ್ಟವೇನಲ್ಲ. ಮೂರನೇ ವಾರಕ್ಕೆ ಅದು ಒಡೆಯದಂತೆ ನೋಡಿಕೊಳ್ಳುವುದು ಕಷ್ಟ. ಈ ಲೇಖನ ಅದರ ಬಗ್ಗೆ.

ಒಗ್ಗಟ್ಟು ಬರಲಿ ಅಂತ ಮೊದಲೇ ಒಂದು ದೊಡ್ಡ ಊಟ ಹಾಕಿಸುವುದು, ಎಲ್ಲರನ್ನೂ ಸಿಗಂದೂರಿಗೋ ಜೋಗಕ್ಕೋ ಕರೆದುಕೊಂಡು ಹೋಗುವುದು ರೂಢಿ. ತಪ್ಪೇನಿಲ್ಲ, ಆದರೆ ಅದರಿಂದ ತಂಡ ಆಗುವುದಿಲ್ಲ. ಗುಂಪಿನ ಒಗ್ಗಟ್ಟಿಗೂ ಗುಂಪಿನ ಕೆಲಸಕ್ಕೂ ಏನು ಸಂಬಂಧ ಎಂದು ನಡೆದಿದ್ದ ಹಲವಾರು ಅಧ್ಯಯನಗಳನ್ನು ಬ್ರಯಾನ್ ಮಲ್ಲೆನ್ ಮತ್ತು ಕ್ಯಾರೊಲಿನ್ ಕಾಪರ್ 1994ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಅವರಿಗೆ ಕಂಡದ್ದು ಎರಡು ವಿಷಯ. ಒಬ್ಬರಿಗೊಬ್ಬರು ಇಷ್ಟವಾಗುವುದಕ್ಕಿಂತ ಹಿಡಿದ ಕೆಲಸದ ಮೇಲೆ ಎಲ್ಲರಿಗೂ ಇರುವ ನಿಷ್ಠೆಯೇ ಫಲಿತಾಂಶದಲ್ಲಿ ಹೆಚ್ಚು ಕಾಣುತ್ತದೆ. ಮತ್ತೆ, ಒಗ್ಗಟ್ಟಿನಿಂದ ಕೆಲಸ ಚೆನ್ನಾಗುವುದು ಎಷ್ಟು ನಿಜವೋ, ಕೆಲಸ ಚೆನ್ನಾಗಿ ಆದದ್ದರಿಂದ ಒಗ್ಗಟ್ಟು ಹುಟ್ಟುವುದು ಅದಕ್ಕಿಂತ ಹೆಚ್ಚು ನಿಜ. ಹಾಗಾಗಿ ಮೊದಲು ಒಂದು ತೋಟ ಕೂಡಿ ಮುಗಿಸಿ, ಊಟ ಆಮೇಲೆ ಇರಲಿ. ಮುಂದಿನ ಕ್ರಮವೆಲ್ಲ ಇದರ ಮೇಲೆಯೇ ನಿಂತಿದೆ.

1. ಎಷ್ಟು ಜನ, ಯಾರು ಯಾರು

ಭೂಮಿ ಹುಣ್ಣಿಮೆಯ (ದೀಪಾವಳಿಗೆ ಮೊದಲು ಬರುವ ಸೀಗೆ ಹುಣ್ಣಿಮೆ) ಹೊತ್ತಿಗೆ ಹೆಸರು ಗೊತ್ತಾಗಿರಬೇಕು. ದೀಪಾವಳಿ ಹತ್ತಿರ ಬಂದ ಮೇಲೆ ಹುಡುಕಲು ಹೊರಟರೆ ಬೇರೆಯವರು ಬಿಟ್ಟವರು ಮಾತ್ರ ಸಿಗುತ್ತಾರೆ.

ಒಂದು ಸಲಕ್ಕೆ ಒಂದು ತೋಟ ಹಿಡಿಯುವ ತಂಡಕ್ಕೆ 12 ಜನ ಸಾಕು: ಕೊನೆ ಕೊಯ್ಯುವವರು 2, ಕೆಳಗೆ ಹಗ್ಗ ಹಿಡಿದು ಕೊನೆ ಇಳಿಸಿಕೊಳ್ಳುವವರು 2, ಹೊರುವವರು 1, ಸುಲಿಯುವವರು 6, ಬೇಯಿಸುವ ಹಂಡೆ ಮತ್ತು ಒಣಗಿಸುವ ಅಂಗಳ ನೋಡಿಕೊಳ್ಳುವವರು 1. ಫೈಬರ್ ದೋಟಿಯಲ್ಲಿ ನೆಲದಿಂದಲೇ ಕೊಯ್ಯುವವರಾದರೆ ಹಗ್ಗದ ಕೆಲಸ ಬದಲಾಗುತ್ತದೆ. ಸುಲಿಯುವ ಯಂತ್ರ ಇದ್ದರೆ ಸುಲಿಯುವವರ ಸಂಖ್ಯೆ ಇಳಿಯುತ್ತದೆ, ಆದರೆ ಯಂತ್ರದಿಂದ ಬಂದದ್ದನ್ನು ಆರಿಸುವವರು ಬೇಕಾಗುತ್ತಾರೆ. ಏನೇ ಆಗಲಿ, ತಂಡವನ್ನು 15 ದಾಟಿಸಬೇಡಿ.

ಯಾಕೆಂದರೆ ಜನ ಹೆಚ್ಚಿದಂತೆ ಇಬ್ಬಿಬ್ಬರ ನಡುವಿನ ಸಂಬಂಧಗಳು ಅದಕ್ಕಿಂತ ಬೇಗ ಹೆಚ್ಚುತ್ತವೆ. 6 ಜನರಲ್ಲಿ ಅಂಥ ಜೋಡಿಗಳು 15, 12 ಜನರಲ್ಲಿ 66, 20 ಜನರಲ್ಲಿ 190. ಪ್ರತಿ ಜೋಡಿಯಲ್ಲೂ ಒಂದು ಮುನಿಸು ಹುಟ್ಟಲು ಜಾಗ ಇದೆ. ಇನ್ನೊಂದು ಕಾರಣವೂ ಇದೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್ ಜನರಿಂದ ಹಗ್ಗ ಎಳೆಸಿ ಬಲ ಅಳೆದು, 1913ರಲ್ಲಿ ಲೆಕ್ಕ ಪ್ರಕಟಿಸಿದ. ಒಬ್ಬೊಬ್ಬರೇ ಎಳೆದಾಗಿನ ಬಲವನ್ನು ಕೂಡಿಸಿದರೆ ಎಷ್ಟಾಗಬೇಕೋ, 8 ಜನ ಒಟ್ಟಿಗೆ ಎಳೆದಾಗ ಅದರ ಸುಮಾರು ಅರ್ಧ ಮಾತ್ರ ಬಂತು. ಒಂದಿಷ್ಟು ಬಲ ತಾಳ ತಪ್ಪಿದ್ದಕ್ಕೆ ಹೋಗುತ್ತದೆ, ಒಂದಿಷ್ಟು 'ನಾನೊಬ್ಬ ಎಳೆಯದಿದ್ದರೆ ಏನಾಯ್ತು' ಎನ್ನುವುದಕ್ಕೆ. ಯಾರು ಎಷ್ಟು ಮಾಡಿದರು ಎಂದು ಕಾಣುವಂತಿದ್ದರೆ ಈ ಎರಡನೆಯದು ಇಳಿಯುತ್ತದೆ ಎಂಬುದು 1979ರಲ್ಲಿ ಬಿಬ್ ಲಟಾನೆ ಮತ್ತು ಜೊತೆಯವರು ಗುಂಪಿನ ಸೋಮಾರಿತನದ ಪ್ರಯೋಗ ನಡೆಸಿದ ಮೇಲೆ ಗಟ್ಟಿಯಾಯಿತು. ಸುಲಿಯುವ ಚಪ್ಪರದಲ್ಲಿ ಇದಕ್ಕೆ ಬೇಕಾದ ಸಾಧನ ಮೊದಲಿಂದಲೂ ಇದೆ: ತಕ್ಕಡಿ. ಹಗ್ಗ ಹಿಡಿಯುವವರಿಗೆ, ಹೊರುವವರಿಗೆ ಅಂಥದ್ದಿಲ್ಲ. ಆದ್ದರಿಂದ ಆ ಕೆಲಸಗಳಿಗೆ ಬೇಕಾದಷ್ಟೇ ಜನ ಇರಲಿ, ಒಬ್ಬರೂ ಹೆಚ್ಚಿಗೆ ಬೇಡ.

12 ಜನರನ್ನು ಎರಡು ಪಾಳಿ ಮಾಡಿ. ಒಂದು ತೋಟದ್ದು, ಒಂದು ಚಪ್ಪರದ್ದು. ಪ್ರತಿ ಪಾಳಿಗೂ ಮುಂದೆ ನಿಂತು ಮಾತಾಡುವವರು ಒಬ್ಬರು.

ಆರಿಸುವಾಗ ಕೈ ಚುರುಕು ಒಂದನ್ನೇ ನೋಡಬೇಡಿ. ಒಂದೇ ಮನೆಯಿಂದ ಇಬ್ಬರಿಗಿಂತ ಹೆಚ್ಚು ಜನ ಬಂದರೆ ತಂಡದೊಳಗೆ ಇನ್ನೊಂದು ತಂಡ ಆಗುತ್ತದೆ, ಅವರಲ್ಲೊಬ್ಬರಿಗೆ ಬೇಸರವಾದ ದಿನ ಮೂವರೂ ಬರುವುದಿಲ್ಲ. ಬೇಲಿಯದೋ ದನದದೋ ಹಳೆಯ ಜಗಳ ಇರುವ ಇಬ್ಬರನ್ನು ಸೇರಿಸುವ ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ. "ಅವನಿದ್ರೆ ನಾ ಬರಲ್ಲ ಮಾರಾಯ್ರೆ" ಎಂದು ಈಗಲೇ ಹೇಳಿದರೆ ಒಳ್ಳೆಯದೇ ಆಯಿತು.

2. ಒಂದು ಹಾಳೆಯ ಕರಾರು

ಎಲ್ಲರೂ ಗುರುತಿನವರೇ, ಬರೆದುಕೊಳ್ಳುವುದು ಯಾಕೆ ಎನ್ನುವ ಸಂಕೋಚ ನಮ್ಮ ಕಡೆ ಜಾಸ್ತಿ. ಮುಯ್ಯಾಳಿಗೆ ಬರವಣಿಗೆ ಬೇಕಿರಲಿಲ್ಲ, ನಿಜ. ಅಲ್ಲಿ ಲೆಕ್ಕ ಸರಳ. ನಿಮ್ಮನೆ ನಟ್ಟಿಗೆ ನಮ್ಮ ಮನೆಯವರು ಒಂದು ದಿನ, ನಮ್ಮನೆ ನಟ್ಟಿಗೆ ನಿಮ್ಮವರು ಒಂದು ದಿನ, ಎಲ್ಲರದೂ ಒಂದೇ ಕೆಲಸ. ಅಡಿಕೆಯಲ್ಲಿ ಮರ ಹತ್ತುವುದಕ್ಕೂ ಕತ್ತಿ ಮುಂದೆ ಕೂರುವುದಕ್ಕೂ ಒಂದೇ ಅಳತೆ ಹಾಕಲು ಬರುವುದಿಲ್ಲ. ಆದ್ದರಿಂದ ಬರೆಯಿರಿ. ಕೂತು ಮಾತಾಡಲು ಎರಡು ಗಂಟೆ ಇಟ್ಟುಕೊಳ್ಳಿ. ಹಾಳೆಯಲ್ಲಿ ಇವಿಷ್ಟು ಇರಲಿ:

- ಯಾವ ಕೆಲಸಕ್ಕೆ ದಿನಗೂಲಿ, ಯಾವುದಕ್ಕೆ ಕೆ.ಜಿ. ಲೆಕ್ಕ, ದರ ಎಷ್ಟು. ಒಂದೇ ಕೆಲಸಕ್ಕೆ ಗಂಡಸರಿಗೆ ಒಂದು, ಹೆಂಗಸರಿಗೆ ಒಂದು ದರ ಬೇಡ. ಸಮಾನ ವೇತನದ ಕಾನೂನಿನ ಮಾತು ಹಾಗಿರಲಿ, ಚಪ್ಪರದಲ್ಲಿ ಮೊದಲ ಬಿರುಕು ಬೀಳುವುದೇ ಇಲ್ಲಿ.
- ದುಡ್ಡು ಯಾವ ವಾರ, ಯಾರ ಕೈಯಿಂದ.
- ತೋಟಗಳ ಸರದಿ. ಯಾರದ್ದು ಮೊದಲು, ಯಾರದ್ದು ಕೊನೆ. ಚೀಟಿ ಎತ್ತಿ ತೀರ್ಮಾನಿಸಿ. ಎರಡನೇ ಕೊಯ್ಲಿಗೆ ಸರದಿ ತಿರುವು ಮುರುವು ಮಾಡಿ.
- ಮಳೆ ಬಂದ ದಿನ, ಹಬ್ಬದ ದಿನ. ದೀಪಾವಳಿಯ ರಾತ್ರಿಗಳಲ್ಲಿ ದೀಪ ಹಿಡಿದು ಮನೆಮನೆಗೆ ಹಾಡುತ್ತಾ ಹೋಗುವ ಅಂಟಿಗೆ-ಪಂಟಿಗೆಗೆ ಹೋಗುವವರು ಬೆಳಗ್ಗೆ ಮರ ಹತ್ತಬಾರದು. ಆ ದಿನಗಳನ್ನು ಮೊದಲೇ ಬಿಟ್ಟುಬಿಡಿ.
- ತಿಂಡಿ, ಚಹಾ, ಊಟ ಯಾರದು. ಇದನ್ನು ಬಿಟ್ಟ ಕರಾರು ಕರಾರೇ ಅಲ್ಲ.
- ಮರ ಹತ್ತುವವನು ಇವತ್ತು ಬೇಡ ಎಂದರೆ ಬೇಡ. ಕಾಂಡ ತೇವ ಇದೆ, ಮೈ ಸರಿ ಇಲ್ಲ, ಯಾವ ಕಾರಣವಾದರೂ ಸರಿ. ತೋಟದ ಯಜಮಾನರು ಸೇರಿದಂತೆ ಯಾರೂ ಎರಡನೇ ಮಾತಾಡಬಾರದು.

ಕೊನೆಯದು ಸುರಕ್ಷತೆಯ ನಿಯಮದಂತೆ ಕಾಣುತ್ತದೆ. ಅದಕ್ಕಿಂತ ದೊಡ್ಡ ಕೆಲಸವನ್ನೂ ಅದು ಮಾಡುತ್ತದೆ. ಇಲ್ಲಿ ಬಾಯಿ ಬಿಟ್ಟು 'ಆಗಲ್ಲ' ಎನ್ನಬಹುದು ಎಂಬುದು ಮೊದಲ ದಿನವೇ ಹನ್ನೆರಡು ಜನಕ್ಕೂ ಗೊತ್ತಾಗುತ್ತದೆ.

3. ಮೊದಲ ತೋಟ ಸಣ್ಣದಿರಲಿ

ಇದ್ದುದರಲ್ಲಿ ದೊಡ್ಡ ತೋಟ ಮೊದಲು ಮುಗಿಸಿಬಿಡೋಣ ಎಂದು ಎಲ್ಲರಿಗೂ ಅನಿಸುತ್ತದೆ. ಹಾಗೆ ಮಾಡಬೇಡಿ. ಚೀಟಿ ಎತ್ತುವ ಮೊದಲೇ ಅರ್ಧ ಎಕರೆಯ ಆಸುಪಾಸಿನ, ಮನೆಗೆ ಹತ್ತಿರದ ತೋಟವೊಂದನ್ನು ಮೊದಲ ಕೆಲಸವಾಗಿ ಆರಿಸಿ. ಕೊಯ್ದು, ಸುಲಿದು, ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ಕೆಂಪು ನೀರು) ಬೇಯಿಸಿ ಅಂಗಳಕ್ಕೆ ಹರವುವವರೆಗೆ ನಾಲ್ಕೈದು ದಿನದಲ್ಲಿ ಪೂರ್ತಿ ಮುಗಿಯುವಂಥದ್ದಾಗಬೇಕು. ಮುಗಿದ ದಿನ ಸಂಜೆಯೇ ಆ ತೋಟದ ದುಡ್ಡು ಕೈಗೆ ಕೊಡಿ. ಅಂಗಳದಲ್ಲಿ ಹರವಿದ ಕೆಂಪು ಅಡಿಕೆ ಎದುರಿಗಿದ್ದು, ಕೈಯಲ್ಲಿ ಕೂಲಿ ಇದ್ದರೆ 'ಈ ತಂಡ ಆಗುತ್ತದೆ' ಎನ್ನುವುದನ್ನು ಬೇರೆ ಯಾರೂ ಭಾಷಣ ಮಾಡಿ ಹೇಳಬೇಕಿಲ್ಲ.

ಈ ನಾಲ್ಕೈದು ದಿನದಲ್ಲಿ ಒಂದು ಅಳತೆಯನ್ನೂ ತೆಗೆಯಿರಿ. ಮೂರು ದಿನ ಸತತವಾಗಿ ಸುಲಿದ ಹಸಿ ಅಡಿಕೆಯನ್ನು ತೂಗಿ ಸರಾಸರಿ ಬರೆದಿಡಿ. ತಲೆಗೆ 50 ಕೆ.ಜಿ. ಬಂತು ಎಂದಿಟ್ಟುಕೊಳ್ಳಿ. 6 ಜನರಿಗೆ 300 ಕೆ.ಜಿ. ಅಂದರೆ ತೋಟದ ಪಾಳಿ ಒಂದು ದಿನಕ್ಕೆ ಇಳಿಸಬೇಕಾದ ಕೊನೆ, ಸುಲಿದಾಗ 300 ಕೆ.ಜಿ. ಆಗುವಷ್ಟು ಮಾತ್ರ. ಕೊನೆಗಾರರಿಗೆ ಹುರುಪು ಬಂದು ಅದರ ಒಂದೂವರೆ ಪಟ್ಟು ಇಳಿಸಿದರೆ ಎರಡನೇ ದಿನಕ್ಕೆ ಚಪ್ಪರದಲ್ಲಿ ರಾಶಿ, ಮೂರನೇ ದಿನಕ್ಕೆ ರಾಶಿಗೆ ಕಾವು, ಬಾಡಿದ ಸಿಪ್ಪೆ, ಕೆಟ್ಟ ಬಣ್ಣ. ಸುಲಿಯುವವರು ರಾತ್ರಿ ಹನ್ನೊಂದರವರೆಗೆ ಕೂತು ಕೊನೆಗಾರರನ್ನು ಬಯ್ಯುತ್ತಾರೆ. ಕೊನೆಗಾರರು 'ನಾವು ನಮ್ಮ ಕೆಲಸ ಸರಿಯಾಗಿ ಮಾಡಿದೆವು' ಎನ್ನುತ್ತಾರೆ. ಇಬ್ಬರ ಮಾತೂ ಸರಿ. ಒಬ್ಬರ ವೇಗ ಇನ್ನೊಬ್ಬರ ಹೊರೆಯಾಗುತ್ತಿದೆ ಎಂಬುದು ಮಾತ್ರ ಯಾರ ಲೆಕ್ಕದಲ್ಲೂ ಇಲ್ಲ. 'ಮನುಷ್ಯರ ಸ್ವಭಾವ' ಎಂದು ನಾವು ತಳ್ಳಿಹಾಕುವ ಎಷ್ಟೋ ಜಗಳಗಳ ಬೇರು ಇಂಥ ಲೆಕ್ಕ ತಪ್ಪುಗಳಲ್ಲಿರುತ್ತದೆ.

4. ಕಿತ್ತಾಟದ ವಾರ

ಅದು ಬಂದೇ ಬರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ ಸಣ್ಣ ಗುಂಪುಗಳ ಮೇಲಿನ 50 ಬರಹಗಳನ್ನು ಓದಿ, ಗುಂಪುಗಳು ನಾಲ್ಕು ಹಂತ ಹಾಯುತ್ತವೆ ಎಂದು 1965ರಲ್ಲಿ ಬರೆದರು: ಕೂಡುವುದು, ಕಿತ್ತಾಡುವುದು, ಕಟ್ಟುಪಾಡು ಮಾಡಿಕೊಳ್ಳುವುದು, ಕೆಲಸ ಹರಿಯುವುದು. 1977ರಲ್ಲಿ ಮೇರಿ ಆನ್ ಜೆನ್ಸನ್ ಜೊತೆ ಸೇರಿ ಐದನೆಯದನ್ನು ಸೇರಿಸಿದರು, ಚದುರುವುದು. ಟಕ್‌ಮನ್ ನೋಡಿದ ಬರಹಗಳಲ್ಲಿ ಹೆಚ್ಚಿನವು ಮನೋಚಿಕಿತ್ಸೆಯ ಗುಂಪುಗಳವು, ಆದ್ದರಿಂದ ತೋಟದ ತಂಡ ಇದೇ ಸಾಲಿನಲ್ಲಿ ನಡೆಯಲೇಬೇಕೆಂದಿಲ್ಲ. ಹೊಸಬರೊಬ್ಬರು ಬಂದರೆ ನಾಲ್ಕರಿಂದ ಎರಡಕ್ಕೆ ಇಳಿಯುವುದೂ ಉಂಟು. ಆದರೂ ಒಂದು ಉಪಯೋಗವಿದೆ. ಎರಡನೇ ಹಂತ ಬಂದಾಗ 'ತಂಡ ಕೆಟ್ಟುಹೋಯಿತು' ಎಂದು ಕೈಬಿಡದಿರಲು ಅದು ನೆನಪಿದ್ದರೆ ಸಾಕು.

ಮೊದಲ ವಾರ ಎಲ್ಲರೂ ನಗುನಗುತ್ತಾ ಇರುತ್ತಾರೆ, 'ಅಕ್ಕ' 'ಅಣ್ಣ' ಬಿಟ್ಟು ಮಾತಿಲ್ಲ. ಯಾರೂ ಏನೂ ಆಕ್ಷೇಪಿಸದಿರುವುದನ್ನು ನೋಡಿ ಹಿಗ್ಗಬೇಡಿ, ಅದು ಅಪರಿಚಿತರ ಮರ್ಯಾದೆ ಅಷ್ಟೆ. ಎರಡನೇ ವಾರದಿಂದ ಶುರುವಾಗುವ ಜಗಳಗಳು ಸುಮಾರಾಗಿ ಇವು.

ತೂಕದ ಜಗಳ. 'ನನ್ನ ಬುಟ್ಟಿ ಯಾವಾಗಲೂ ಕಮ್ಮಿ ತೋರಿಸುತ್ತದೆ.' ಬೆಳಗ್ಗೆ ಕೆಲಸ ಶುರುವಾಗುವ ಮೊದಲು ಎಲ್ಲರೆದುರು 5 ಕೆ.ಜಿ. ಬಟ್ಟು ಇಟ್ಟು ತೂಕದ ಯಂತ್ರ ನೋಡಿ. ಖಾಲಿ ಬುಟ್ಟಿಯ ತೂಕವನ್ನು ಬುಟ್ಟಿಯ ಮೇಲೆಯೇ ಬಣ್ಣದಲ್ಲಿ ಬರೆಯಿರಿ. ತೂಗುವವರು ಒಬ್ಬರು, ಬರೆಯುವವರು ಇನ್ನೊಬ್ಬರು, ಸುಲಿದವರು ಎದುರಿಗೆ ನಿಂತಿರಬೇಕು. ಸಂಜೆ ಪಟ್ಟಿಯನ್ನು ಎಲ್ಲರಿಗೂ ಕೇಳುವಂತೆ ಓದಿ. ಇಷ್ಟಾದರೆ ಈ ಜಗಳ ಮತ್ತೆ ಬರುವುದು ಅಪರೂಪ.

ಕತ್ತಿ ತಾಗಿದ ಅಡಿಕೆಯ ಜಗಳ. ಕೆ.ಜಿ. ಲೆಕ್ಕದಲ್ಲಿ ಕೈ ಓಡಿಸಿದರೆ ಸುಲಿಯುವ ಮೆಟ್ಟುಗತ್ತಿ ಅಡಿಕೆಗೆ ತಾಗುತ್ತದೆ, ಸಿಪ್ಪೆ ಉಳಿಯುತ್ತದೆ. ನಷ್ಟ ತೋಟದವರಿಗೆ, ಹೆಸರು ಇಡೀ ತಂಡಕ್ಕೆ. ನಿಧಾನಕ್ಕೆ ನೀಟಾಗಿ ಸುಲಿಯುವವರಿಗೆ ಹೊಟ್ಟೆಯೊಳಗೇ ಸಿಟ್ಟು. ಇದಕ್ಕೆ ಬುದ್ಧಿವಾದ ನಾಟುವುದಿಲ್ಲ, ದುಡ್ಡಿನ ರೀತಿ ಬದಲಾಗಬೇಕು. ಅದನ್ನು ಮುಂದೆ ಹೇಳಿದೆ.

ಯಾರ ಮಾತು ನಡೆಯಬೇಕು ಎನ್ನುವ ಜಗಳ. ಇದು ಮೇಲೆ ಕಾಣುವುದಿಲ್ಲ. ಚಹಾ ತಡವಾಯಿತು, ಹಂಡೆಗೆ ಸೌದೆ ಹಸಿ ಇತ್ತು ಎಂಬಂಥ ಸಣ್ಣ ಮಾತಿನ ವೇಷದಲ್ಲಿ ಬರುತ್ತದೆ. ಇಪ್ಪತ್ತು ವರ್ಷದಿಂದ ಬೇಯಿಸಿದವರಿಗೂ ಹೊಸದಾಗಿ ಪಾಳಿಯ ಮುಂದಾಳಾದವರಿಗೂ ನಡುವೆ ಇದು ಹೆಚ್ಚು. ಮದ್ದು: ಯಾವ ತೀರ್ಮಾನ ಯಾರದ್ದು ಎಂದು ಹೆಸರಿಟ್ಟು ಹಂಚಿ. ಅಡಿಕೆಯ ಹದ ಬಂತೋ ಇಲ್ಲವೋ, ಹಂಡೆಯಿಂದ ಯಾವಾಗ ತೆಗೆಯಬೇಕು ಎನ್ನುವುದು ಬೇಯಿಸುವವರದ್ದೇ ಕೊನೆಯ ಮಾತು. ಯಾವ ಸಾಲಿನಿಂದ ಕೊಯ್ಲು ಶುರು ಎನ್ನುವುದು ಕೊನೆಗಾರರದ್ದು. ಮುಂದಾಳಿನದು ಲೆಕ್ಕ ಮತ್ತು ಸರದಿ ಮಾತ್ರ.

ಜಗಳ ಬಿಡಿಸುವಾಗ ಒಂದು ಕ್ರಮ ಇಟ್ಟುಕೊಳ್ಳಿ. ಆ ಕ್ಷಣಕ್ಕೆ ಕೆಲಸ ಬೇರೆ ಮಾಡಿ, ಇಬ್ಬರನ್ನೂ ದೂರ ಕೂರಿಸಿ. ಅವತ್ತೇ ಸಂಜೆಯೊಳಗೆ ಇಬ್ಬರನ್ನೂ ಕೂರಿಸಿ ಮಾತಾಡಿ, ಮಾರನೇ ದಿನಕ್ಕೆ ಉಳಿಸಬೇಡಿ. "ನೀನು ಯಾವಾಗಲೂ ಹಿಂಗೇ" ಎನ್ನುವ ಮಾತನ್ನು ಅಲ್ಲೇ ತಡೆದು, "ಇವತ್ತು ಏನಾಯ್ತು, ಅಷ್ಟು ಹೇಳು" ಎಂದು ಕೇಳಿ. ನಾಳೆಯಿಂದ ಏನು ಬದಲಾಗುತ್ತದೆ ಎಂದು ಒಂದು ವಾಕ್ಯ ಕರಾರಿನ ಹಾಳೆಗೆ ಸೇರಿಸಿ. ಊರ ದೊಡ್ಡವರನ್ನು ಪಂಚಾಯ್ತಿಗೆ ಕರೆಯುವುದು ಕಟ್ಟಕಡೆಗೆ. ಹೊರಗಿನವರು ಬಂದು ನ್ಯಾಯ ಹೇಳಿದರೆ ಜಗಳ ನಿಲ್ಲಬಹುದು, ಆದರೆ ತನ್ನ ಜಗಳ ತಾನೇ ಬಿಡಿಸಿಕೊಂಡ ತಂಡಕ್ಕೆ ಬರುವ ಗಟ್ಟಿತನ ಬರುವುದಿಲ್ಲ.

5. ದುಡ್ಡಿನ ಹಂಚಿಕೆ

ಪೂರ್ತಿ ಕೆ.ಜಿ. ಲೆಕ್ಕ ಕೊಟ್ಟರೆ ಎಲ್ಲರೂ ತಮ್ಮ ಬುಟ್ಟಿ ಮಾತ್ರ ನೋಡುತ್ತಾರೆ. ಎದ್ದು ಕಸ ತೆಗೆಯುವವರಿಲ್ಲ, ಹೊಸಬರಿಗೆ ಕತ್ತಿ ಹಿಡಿಯಲು ಕಲಿಸುವವರಿಲ್ಲ. ಪೂರ್ತಿ ಸಮಪಾಲು ಮಾಡಿದರೆ ಎರಡು ವಾರದಲ್ಲಿ ಚುರುಕು ಕೈಯವರು ಬೇರೆ ಕಡೆ ಹೋಗುತ್ತಾರೆ. ನಡುವಿನ ದಾರಿ ಹೀಗಿದೆ.

ಕೆ.ಜಿ.ಗೆ 10 ರೂಪಾಯಿ ಎಂದಿಟ್ಟುಕೊಳ್ಳಿ, ಲೆಕ್ಕ ಸುಲಭವಾಗಲಿ ಅಂತ. ಒಬ್ಬರು 60 ಕೆ.ಜಿ. ಸುಲಿದರು, ಇನ್ನೊಬ್ಬರು 40. ಅವರ ದುಡಿಮೆ 600 ಮತ್ತು 400. ಇದರಲ್ಲಿ ಶೇ 80 ಅವರವರಿಗೇ: 480 ಮತ್ತು 320. ಉಳಿದ ಶೇ 20, ಅಂದರೆ 120 ಮತ್ತು 80, ಸೇರಿ 200 ರೂಪಾಯಿ ಇಡೀ ತಂಡದ ಗೋಲಕಕ್ಕೆ. ಅದನ್ನು ಹಾಜರಾತಿಯ ಮೇಲೆ ಸಮ ಹಂಚಿದರೆ ತಲಾ 100. ಕೊನೆಗೆ ಸಿಕ್ಕಿದ್ದು 580 ಮತ್ತು 420. ಚುರುಕಿನವರು ಬಿಟ್ಟುಕೊಟ್ಟದ್ದು 20 ರೂಪಾಯಿ ಮಾತ್ರ, ಆದರೆ ಪಕ್ಕದವರ ಬುಟ್ಟಿಯಲ್ಲಿ ಅವರಿಗೂ ಈಗ ಪಾಲಿದೆ.

ಗೋಲಕದ ಹಂಚಿಕೆಗೆ ಒಂದು ಷರತ್ತು ಹಾಕಿ. ಪ್ರತಿ ದಿನದ ರಾಶಿಯಿಂದ ಕಣ್ಣು ಮುಚ್ಚಿ 100 ಅಡಿಕೆ ಆರಿಸಿ. ಕತ್ತಿ ತಾಗಿದ್ದು, ಸಿಪ್ಪೆ ಉಳಿದದ್ದು ತಂಡವೇ ಒಪ್ಪಿದ ಸಂಖ್ಯೆಯೊಳಗಿದ್ದರೆ ಆ ದಿನದ ಗೋಲಕ ಪೂರ್ತಿ. ಮೀರಿದರೆ ಆ ದಿನದ್ದು ಹಂಚದೆ ಸುಗ್ಗಿ ಮುಗಿಯುವವರೆಗೆ ತಂಡದ ಹೆಸರಿನಲ್ಲೇ ಇರುತ್ತದೆ. ತೋಟದ ಮಾಲೀಕರ ಜೇಬಿಗೆ ಹೋಗಬಾರದು. ಹೋದರೆ ಅದು ದಂಡ ಆಗುತ್ತದೆ, ದಂಡ ತಪ್ಪಿಸಿಕೊಳ್ಳಲು ಜನ ಅಡಿಕೆ ಬಚ್ಚಿಡುತ್ತಾರೆ. ತೋಟದ ಪಾಳಿಗೂ ಇದೇ ಗೋಲಕದಲ್ಲಿ ಪಾಲು ಇಡಿ, ಅವರ ದಿನಗೂಲಿಯಿಂದಲೂ ಅಷ್ಟೇ ಪಾಲು ಸೇರಲಿ. ಆಗ ಎಷ್ಟು ಕೊನೆ ಇಳಿಸಬೇಕು ಎನ್ನುವ ಮಾತಿಗೆ ಎರಡೂ ಪಾಳಿ ಒಂದೇ ಕಡೆ ನಿಲ್ಲುತ್ತವೆ.

ಪುಸ್ತಕ ಅವತ್ತವತ್ತೇ ಬರೆಯಬೇಕು. ಸ್ವಸಹಾಯ ಸಂಘದಲ್ಲಿರುವ ಹೆಂಗಸರು ತಂಡದಲ್ಲಿದ್ದರೆ ಪುಸ್ತಕ ಅವರ ಕೈಗೆ ಕೊಡಿ. ನಿಯಮಿತ ಸಭೆ, ಉಳಿತಾಯ, ಒಳಸಾಲ, ಸಕಾಲದ ಮರುಪಾವತಿ, ಸರಿಯಾದ ಪುಸ್ತಕ ಎನ್ನುವ ಪಂಚಸೂತ್ರದಲ್ಲಿ ಪಳಗಿದವರಿಗೆ ಇದು ಹೊಸದಲ್ಲ.

6. ದಿನಕ್ಕೆ ಹತ್ತು ನಿಮಿಷ

ಸಂಜೆ ತೂಕ ಮುಗಿದ ಮೇಲೆ ಎರಡೂ ಪಾಳಿ ಒಟ್ಟಿಗೆ, ಹತ್ತೇ ನಿಮಿಷ. ಮೂರು ಪ್ರಶ್ನೆ: ಇವತ್ತು ಎಲ್ಲಿ ಕೆಲಸ ನಿಂತಿತು, ನಾಳೆ ಎಷ್ಟು ಕೊನೆ ಇಳಿಯಬೇಕು, ಯಾರಿಗೆ ಏನು ಬೇಕು. "ಶಾರದಕ್ಕ, ನಿಮ್ ಕಡೆ ಎಷ್ಟು ಉಳೀತು?" ಎಂದು ಹೆಸರು ಹಿಡಿದು ಕೇಳಿ. "ಎಲ್ಲರೂ ಹೇಳಿ" ಎಂದರೆ ಯಾರೂ ಹೇಳುವುದಿಲ್ಲ. ಕಡಿಮೆ ಮಾತಾಡುವವರು ಮೊದಲು, ಮುಂದಾಳು ಕೊನೆಗೆ.

ತಪ್ಪು ಹೇಳಿಕೊಂಡವರನ್ನು ಆ ಹತ್ತು ನಿಮಿಷದಲ್ಲಿ ಯಾರೂ ಗೇಲಿ ಮಾಡಬಾರದು. ಆಸ್ಪತ್ರೆಗಳ ತಂಡಗಳನ್ನು ಅಧ್ಯಯನ ಮಾಡಿದ ಎಮಿ ಎಡ್ಮಂಡ್‌ಸನ್‌ಗೆ ಒಂದು ವಿಚಿತ್ರ ಕಂಡಿತ್ತು. ಒಳ್ಳೆಯ ತಂಡಗಳಲ್ಲೇ ತಪ್ಪುಗಳ ಸಂಖ್ಯೆ ಹೆಚ್ಚು ದಾಖಲಾಗಿತ್ತು. ಅವರು ಹೆಚ್ಚು ತಪ್ಪು ಮಾಡುತ್ತಿದ್ದರು ಎನ್ನುವುದಕ್ಕಿಂತ, ಮಾಡಿದ್ದನ್ನು ಹೇಳುವ ಧೈರ್ಯ ಅವರಲ್ಲಿತ್ತು ಎನ್ನುವುದೇ ಅದಕ್ಕೆ ಸರಿಯಾದ ವಿವರಣೆಯಾಗಿ ತೋರಿತು. ಹಂಡೆಯ ಒಂದು ಬ್ಯಾಚು ಹದ ತಪ್ಪಿದ್ದು ಅವತ್ತೇ ಗೊತ್ತಾದರೆ ಬೇರೆಯಾಗಿ ಹರವಬಹುದು. ಹೆದರಿ ಒಳ್ಳೆಯದರ ಜೊತೆ ಬೆರೆಸಿದರೆ ಇಡೀ ರಾಶಿಗೆ ಮಂಡಿಯಲ್ಲಿ ದರ ಬೀಳುತ್ತದೆ.

7. ಊರವರು, ಹೊರಗಿನವರು

ಊರಿನ ಆರು ಜನ, ಬಯಲುಸೀಮೆಯಿಂದ ಬಂದ ಆರು ಜನ ಇದ್ದರೆ ಒಂದೇ ವಾರದಲ್ಲಿ ಎರಡು ಚಪ್ಪರವಾಗುತ್ತದೆ. ಜಾತಿಯ ಗೆರೆಯೂ ಸೇರಿಕೊಂಡರೆ ಊಟದ ಸಾಲು, ನೀರಿನ ಕೊಡ ಬೇರೆ ಬೇರೆ. ಕೊಡ ಒಂದೇ ಇರಬೇಕು, ಇದರಲ್ಲಿ ರಾಜಿ ಇಲ್ಲ. ಅದನ್ನು ಒಪ್ಪದ ಮನೆಯ ತೋಟ ಹಿಡಿಯದಿರುವುದೇ ಮೇಲು.

ಆದರೆ ಒಟ್ಟಿಗೆ ಕೂರಿಸಿದ ಮಾತ್ರಕ್ಕೆ ಬೆರೆಯುವುದಿಲ್ಲ. 1954ರಲ್ಲಿ ಅಮೆರಿಕದ ಓಕ್ಲಹೋಮಾದಲ್ಲಿ ಮನಶ್ಶಾಸ್ತ್ರಜ್ಞ ಮುಝಫರ್ ಶರೀಫ್ 22 ಹುಡುಗರನ್ನು ಎರಡು ಗುಂಪು ಮಾಡಿ ಶಿಬಿರದಲ್ಲಿಟ್ಟಿದ್ದರು. ಸ್ಪರ್ಧೆಗಳಿಂದ ಗುಂಪುಗಳಿಗೆ ಪರಸ್ಪರ ಆಗದಾಯಿತು. ಒಟ್ಟಿಗೆ ಊಟಕ್ಕೆ ಕೂರಿಸಿದರೆ ತಿನ್ನುವುದನ್ನೇ ಎಸೆದಾಡಿದರು. ಕುಡಿಯುವ ನೀರು ನಿಂತು ಎರಡೂ ಗುಂಪು ಸೇರಿ ದಾರಿ ಹುಡುಕಬೇಕಾದಾಗ, ಊಟ ತರಬೇಕಿದ್ದ ಲಾರಿ ಕೆಟ್ಟು ಎಲ್ಲರೂ ಸೇರಿ ಹಗ್ಗ ಹಾಕಿ ಎಳೆಯಬೇಕಾದಾಗ ದ್ವೇಷ ಇಳಿಯತೊಡಗಿತು. ಇಲ್ಲೂ ಅದೇ ದಾರಿ. ಪ್ರತಿ ಪಾಳಿಯಲ್ಲೂ ಎರಡೂ ಕಡೆಯವರಿರಲಿ. ಕೊನೆಗಾರ ಊರವನಾದರೆ ಕೆಳಗೆ ಹಗ್ಗ ಹಿಡಿಯುವವನು ಹೊರಗಿನವನು. ಒಬ್ಬರ ಜೀವ, ಇನ್ನೊಬ್ಬರ ಕೈ. ಊರವರಿಗೂ ಹೊರಗಿನವರಿಗೂ ಯಾರು ಜಾಸ್ತಿ ಸುಲಿಯುತ್ತಾರೆ ನೋಡೋಣ ಎಂದು ಪಂದ್ಯ ಕಟ್ಟುವ ಹುಮ್ಮಸ್ಸು ಮಾಲೀಕರಿಗೆ ಬರುತ್ತದೆ. ಒಂದೆರಡು ದಿನ ಕೆಲಸ ಏರುತ್ತದೆ, ಆಮೇಲೆ ಸುಗ್ಗಿಯುದ್ದಕ್ಕೂ ಅನುಭವಿಸಬೇಕಾಗುತ್ತದೆ.

ನಡುವೆ ಹೊಸಬರು ಸೇರಿದರೆ ಮೊದಲ ಮೂರು ದಿನ ಕೆ.ಜಿ. ಲೆಕ್ಕ ಬೇಡ, ದಿನಗೂಲಿ ಕೊಡಿ. ನಿಧಾನದ ಒಬ್ಬ ಹಳಬರ ಪಕ್ಕದಲ್ಲಿ ಕೂರಿಸಿ. ಅತಿ ಚುರುಕಿನವರಿಗೆ ಕಲಿಸುವ ತಾಳ್ಮೆ ಇರುವುದು ಕಡಿಮೆ.

8. ಅರ್ಧ ಸುಗ್ಗಿಯ ದಿನ

ಒಪ್ಪಿಕೊಂಡ ತೋಟಗಳಲ್ಲಿ ಅರ್ಧ ಮುಗಿದ ದಿನ ಅರ್ಧ ಹೊತ್ತು ರಜೆ ಮಾಡಿ ಕೂತುಕೊಳ್ಳಿ. ಗಡುವಿರುವ ಎಂಟು ತಂಡಗಳನ್ನು ಹಿಂಬಾಲಿಸಿದ ಕಾನಿ ಗರ್ಸಿಕ್ 1988ರಲ್ಲಿ ಬರೆದದ್ದು ಹೀಗೆ: ತಂಡಗಳು ಮೊದಲ ಸಭೆಯಲ್ಲಿ ಹಿಡಿದ ಜಾಡಿನಲ್ಲೇ ಸಾಗುತ್ತವೆ, ಸರಿಸುಮಾರು ಅರ್ಧ ಕಾಲ ಕಳೆದಾಗ ಒಮ್ಮೆಲೇ ಎಚ್ಚೆತ್ತು ರೀತಿ ಬದಲಿಸುತ್ತವೆ. ಜನ ಬದಲಾವಣೆಗೆ ಕಿವಿಗೊಡುವ ಹೊತ್ತು ಅದು. ಕರಾರಿನ ಹಾಳೆ ತೆಗೆದು ಒಂದೊಂದೇ ಸಾಲು ಓದಿ, ಇದು ಇರಲೋ ಬೇಡವೋ ಎಂದು ಕೇಳಿ. ದರ, ಸರದಿ, ಗೋಲಕದ ಪಾಲು, ಏನು ಬದಲಿಸುವುದಿದ್ದರೂ ಇವತ್ತೇ. ದೊಡ್ಡ ಊಟ ಹಾಕಿಸಬೇಕೆಂದಿದ್ದರೆ ಅದಕ್ಕೂ ಇದೇ ದಿನ.

9. ಒಗ್ಗಟ್ಟು ಅತಿಯಾದರೆ

ಇದನ್ನು ಯಾರೂ ಹೇಳುವುದಿಲ್ಲ. ಸ್ಟ್ಯಾನ್ಲಿ ಸೀಶೋರ್ ಒಂದು ಯಂತ್ರ ಕಾರ್ಖಾನೆಯ 228 ಗುಂಪುಗಳನ್ನು ನೋಡಿ 1954ರಲ್ಲಿ ವರದಿ ಮಾಡಿದರು. ಒಗ್ಗಟ್ಟು ಹೆಚ್ಚಿರುವ ಗುಂಪಿನಲ್ಲಿ ಎಲ್ಲರ ಕೆಲಸವೂ ಒಂದೇ ಮಟ್ಟಕ್ಕೆ ಬರುತ್ತದೆ. ಆ ಮಟ್ಟ ಮೇಲೋ ಕೆಳಗೋ ಎನ್ನುವುದು ಗುಂಪು ಏನನ್ನು ಸರಿ ಎಂದುಕೊಂಡಿದೆ, ಮೇಲಿನವರ ಮೇಲೆ ಅದಕ್ಕೆ ನಂಬಿಕೆ ಇದೆಯೇ ಎನ್ನುವುದನ್ನು ಹೊಂದಿಕೊಂಡಿದೆ. ಚಪ್ಪರದಲ್ಲಿ ಎಲ್ಲರೂ ದಿನವೂ ಸರಿಯಾಗಿ 45 ಕೆ.ಜಿ.ಗೇ ಕತ್ತಿ ಕೆಳಗಿಡುತ್ತಿದ್ದಾರೆ, ಒಬ್ಬರದೂ 50 ದಾಟುತ್ತಿಲ್ಲ ಎಂದರೆ ತಂಡ ಒಗ್ಗಟ್ಟಾಗಿದೆ, ಆದರೆ ನಿಮ್ಮ ವಿರುದ್ಧ. ಕೂಲಿ ತಡ ಮಾಡಿದ್ದೀರಾ, ಹೆಚ್ಚು ಸುಲಿದ ವಾರ ದರ ಇಳಿಸಿದ್ದೀರಾ, ಮೊದಲು ಅದನ್ನು ನೋಡಿಕೊಳ್ಳಿ.

ಇನ್ನೊಂದು ಬಗೆಯದು, ಯಾರೂ ಎದುರು ಮಾತಾಡದಿರುವುದು. ಒಗ್ಗಟ್ಟು ಕೆಡಬಾರದೆಂದು ಎಲ್ಲರೂ ತಲೆಯಾಡಿಸಿ ತಪ್ಪು ತೀರ್ಮಾನಕ್ಕೆ ಬರುವುದನ್ನು ಇರ್ವಿಂಗ್ ಜಾನಿಸ್ 1972ರಲ್ಲಿ ದೊಡ್ಡ ದೊಡ್ಡ ಸರ್ಕಾರಿ ತೀರ್ಮಾನಗಳಲ್ಲೇ ತೋರಿಸಿದರು. ಮೋಡ ಕಟ್ಟಿದ ದಿನ ಅಂಗಳದ ತುಂಬ ಅಡಿಕೆ ಹರವೋಣ ಎಂದು ಹನ್ನೆರಡೂ ಜನ ಒಪ್ಪುವುದು ಅದೇ ಜಾತಿಯ ಕಾಯಿಲೆ. ಸಂಜೆಯ ಹತ್ತು ನಿಮಿಷದಲ್ಲಿ ದಿನಕ್ಕೊಬ್ಬರು ಸರದಿಯಂತೆ "ಇದು ಯಾಕೆ ಬೇಡ" ಎಂದು ಹೇಳಲೇಬೇಕು ಎಂದು ನಿಯಮ ಮಾಡಿ. ಸರದಿ ಇರುವುದರಿಂದ ಯಾರಿಗೂ ಕೆಟ್ಟ ಹೆಸರು ಬರುವುದಿಲ್ಲ.

10. ಚದುರುವಾಗ

ಸುಗ್ಗಿಯ ತಂಡ ಒಡೆಯುವುದು ಸಹಜ. ಒಡೆಯುವ ರೀತಿಯಿಂದ ಮುಂದಿನ ವರ್ಷದ ತಂಡ ತೀರ್ಮಾನವಾಗುತ್ತದೆ. ಹೆಗ್ಗೋಡಿನ ನೀನಾಸಮ್‌ನ ಸಂಚಾರಿ ನಾಟಕ ತಂಡ 'ತಿರುಗಾಟ' 1985ರಲ್ಲಿ ಶುರುವಾದಾಗಿನಿಂದ ವರ್ಷ ವರ್ಷ ತಂಡ ಕಟ್ಟಿ, ಊರೂರು ಸುತ್ತಿ, ಚದುರಿ, ಮತ್ತೆ ಕಟ್ಟುವುದನ್ನು ನಮ್ಮ ಜಿಲ್ಲೆಯವರು ನೋಡುತ್ತಲೇ ಇದ್ದಾರೆ.

ಕೊನೆಯ ತೋಟ ಮುಗಿದ ಮೂರು ದಿನದೊಳಗೆ ಲೆಕ್ಕ ಚುಕ್ತಾ ಮಾಡಿ. ಅಡಿಕೆ ಮಂಡಿಗೆ ಹೋಗಿ ದುಡ್ಡು ಬರಲಿ ಎಂದು ಕಾಯಿಸಬೇಡಿ. ದರ ಏರಲಿ ಎಂದು ಕಾಯುವುದು ಬೆಳೆಗಾರರ ಇಷ್ಟ, ಅದರ ಹೊರೆ ಕೂಲಿಯವರ ಮೇಲೆ ಬೀಳಬಾರದು. ಹಂಚದೆ ಉಳಿದ ಗೋಲಕದ ದುಡ್ಡನ್ನು ಏನು ಮಾಡಬೇಕೆಂದು ತಂಡವೇ ಹೇಳಲಿ. ಹಗ್ಗ, ಬುಟ್ಟಿ, ಮೆಟ್ಟುಗತ್ತಿ ಯಾರ ಮನೆಯಲ್ಲಿವೆ ಎಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ. ಮುಂದಿನ ವರ್ಷವೂ ಬರುವವರು ಯಾರು, ಯಾರ ಜೊತೆ ಪಾಳಿ ಬೇಕು ಎಂದು ಒಬ್ಬೊಬ್ಬರನ್ನೇ ಬೇರೆಯಾಗಿ ಕೇಳಿ ಬರೆದಿಡಿ. 'ಇಂಥವರ ಜೊತೆ ಬೇಡ' ಎನ್ನುವ ಉತ್ತರ ನಿಮ್ಮಲ್ಲೇ ಇರಲಿ.

ಆ ಪಟ್ಟಿಯನ್ನು ಮುಂದಿನ ಭೂಮಿ ಹುಣ್ಣಿಮೆವರೆಗೆ ಮುಚ್ಚಿಡಬೇಡಿ. ಮಳೆಗಾಲ ಹಿಡಿಯುವ ಮೊದಲು ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಕೆಲಸ ಇದ್ದೇ ಇರುತ್ತದೆ: 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣದ ಬೋರ್ಡೊ ದ್ರಾವಣ, 40–45 ದಿನದ ಮೇಲೆ ಎರಡನೇ ಸಲ. ಅದಕ್ಕೆ ಹೊಸಬರನ್ನು ಹುಡುಕದೆ ತೋಟದ ಪಾಳಿಯ ಐದು ಜನರನ್ನೇ ಕರೆಯಿರಿ. ಚಪ್ಪರದ ಪಾಳಿಯವರಿಗೆ ಆಗ ಕೆಲಸ ಇರುವುದಿಲ್ಲ, ಅವರಿಗೆ ಫೋನ್ ಮಾಡಿ ಈ ಸಲದ ದರ ಏನಿರಬೇಕು ಎಂದು ಕೇಳಿಕೊಳ್ಳಿ.